ಐಸಿಎಫ್ ಸ್ಲೀಪರ್ ಕೋಚಿನ ಮಾದರಿ: ಅಸಲಿಯ ಯಾವ ವಿವರ ಬೇಕು, ಯಾವುದು ಬೇಡ, ಯಾವ ಕ್ರಮದಲ್ಲಿ

ಎಚ್‌ಒ ಸ್ಕೇಲಿನಲ್ಲಿ (ಅಸಲಿಯ 87ರಲ್ಲಿ ಒಂದು ಪಾಲಿನಷ್ಟು) ನಮ್ಮ ರೈಲು ಕೋಚಿನ ಮಾದರಿ ಕಟ್ಟುವವರು ಹೇಳುವ ದೂರು ಹೆಚ್ಚು ಕಡಿಮೆ ಒಂದೇ. "ಎಲ್ಲ ಸರಿಯಾಗೇ ಅಂಟಿಸಿದ್ದೇನೆ, ಬಣ್ಣಾನೂ ಚೆನ್ನಾಗಿ ಬಂದಿದೆ, ಆದರೆ ನೋಡಿದರೆ ಏನೋ ಸರಿ ಇಲ್ಲ." ಅವರು ಕಳಿಸುವ ಫೋಟೊ ದೊಡ್ಡದು ಮಾಡಿ ನೋಡಿದರೆ ಕಾರಣ ಸಿಗುತ್ತೆ. ಕೋಚಿನ ಒಡಲು 1990ರ ದಶಕದ್ದು, ಕೆಳಗೆ ನೇತಾಡುವ ಬಯೊ ಟಾಯ್ಲೆಟ್ ಟ್ಯಾಂಕು 2015ರದ್ದು, ಬಣ್ಣ ನೀಲಿ, ತುದಿಯಲ್ಲಿ ಮಾತ್ರ ಹಳೆಯ ಕಾಲದ ವ್ಯಾಕ್ಯೂಮ್ ಬ್ರೇಕಿನ ದಪ್ಪ ಪೈಪು. ಒಂದೊಂದನ್ನೇ ನೋಡಿದರೆ ಎಲ್ಲವೂ ಅಸಲಿಯೇ. ಆದರೆ ಅವೆಲ್ಲ ಒಂದೇ ಕೋಚಿನ ಮೇಲೆ ಒಂದೇ ದಿನ ಇದ್ದಿದ್ದೇ ಇಲ್ಲ.

ಹಾಗಾಗಿ ಈ ಬರಹದಲ್ಲಿ ಅಂಟು ಹಾಕುವುದಕ್ಕಿಂತ ಆರಿಸುವುದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಉದಾಹರಣೆಗೆ ಒಂದೇ ಕೋಚು ಹಿಡಿದುಕೊಳ್ಳೋಣ: 2006ರ ಸುಮಾರಿಗೆ ಹುಬ್ಬಳ್ಳಿ–ಬೆಂಗಳೂರು ರಾತ್ರಿ ಗಾಡಿಯಲ್ಲಿ ಓಡುತ್ತಿದ್ದಂಥ ಐಸಿಎಫ್ (ಚೆನ್ನೈನ ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ) ವಿನ್ಯಾಸದ ಸ್ಲೀಪರ್. ನಿಮ್ಮದು ಬೇರೆ ಕೋಚಾದರೂ ಕ್ರಮ ಇದೇ.

ಮೊದಲು ಒಂದು ಮಾತಿನ ಗೊಂದಲ ಬಿಡಿಸಬೇಕು. ನಾವು ಮನೆಯಲ್ಲಿ "ಹಿಂದಿನ ಬೋಗಿಗೆ ಹತ್ತು" ಅಂದಾಗ ಬೋಗಿ ಅಂದರೆ ಇಡೀ ಡಬ್ಬಿ. ರೈಲ್ವೆಯವರಿಗೆ ಬೋಗಿ ಅಂದರೆ ಡಬ್ಬಿಯ ಕೆಳಗಿರುವ, ನಾಲ್ಕು ಗಾಲಿಯ ಚೌಕಟ್ಟು. ಒಂದು ಡಬ್ಬಿಗೆ ಅಂಥವು ಎರಡು. ಇಲ್ಲಿ ಡಬ್ಬಿಗೆ ಕೋಚು ಅಂತಲೂ, ಗಾಲಿ ಚೌಕಟ್ಟಿಗೆ ಮಾತ್ರ ಬೋಗಿ ಅಂತಲೂ ಬರೆದಿದ್ದೇನೆ. ಬಿಡಿಭಾಗ ತರಿಸುವಾಗ ಈ ಗೊಂದಲದಿಂದ ದುಡ್ಡು ಕಳೆದುಕೊಂಡವರಿದ್ದಾರೆ.

ಬೇಕಾಗುವ ಸಾಮಾನು

ವರ್ನಿಯರ್ ಕ್ಯಾಲಿಪರ್ ಇಲ್ಲದೆ ಶುರು ಮಾಡಲೇಬೇಡಿ. ಡಿಜಿಟಲ್ ಆದರೆ ಒಳ್ಳೇದು, ಅಗ್ಗದ್ದೂ ಸಾಕು. ಕೈಯಲ್ಲಿ ತಿರುಗಿಸುವ ಪಿನ್ ವೈಸ್, ಅದಕ್ಕೆ 0.4 ಮತ್ತು 0.5 ಮಿ.ಮೀ. ಬಿಟ್‌ಗಳು, 0.3 ಮತ್ತು 0.4 ಮಿ.ಮೀ. ಹಿತ್ತಾಳೆ ತಂತಿ, ಚೂಪು ಚಿಮುಟ, ಬ್ಲೇಡು, 400ರಿಂದ 1000ರವರೆಗಿನ ನೀರು ಕಾಗದ (ಒದ್ದೆ ಮಾಡಿ ಉಜ್ಜುವ ಉಪ್ಪು ಕಾಗದ), ಸ್ಟೈರೀನ್ ಪ್ಲಾಸ್ಟಿಕ್ ಹಾಳೆ, ಅದಕ್ಕೆ ಹೊಂದುವ ಅಂಟು, ಸ್ವಲ್ಪ ಸೂಪರ್ ಗ್ಲೂ. ಬಣ್ಣಕ್ಕೆ ಮಾಸ್ಕಿಂಗ್ ಟೇಪು, ಹೊಳಪಿನ ವಾರ್ನಿಶ್, ಹೊಳಪಿಲ್ಲದ ವಾರ್ನಿಶ್.

ಇವೆಲ್ಲದರ ಜೊತೆ ಒಂದು ನೋಟ್‌ಬುಕ್ ಬೇಕು. ಸುಮ್ನೆ ಹೇಳ್ತಿಲ್ಲ. ಯಾವ ವಿವರ ಯಾವ ಫೋಟೊದಿಂದ ಬಂತು, ಆ ಫೋಟೊ ಯಾವ ವರ್ಷದ್ದು ಅಂತ ಬರೆದಿಡದಿದ್ದರೆ ಮೂರನೇ ವಾರದ ಹೊತ್ತಿಗೆ ಎಲ್ಲ ಕಲಸಿಹೋಗುತ್ತೆ.

ಹಂತ 1: ಒಂದು ಕೋಚು, ಒಂದು ವರ್ಷ, ಒಂದು ಗಾಡಿ

ಬಣ್ಣ ತರುವ ಮುಂಚೆ, ಬಿಡಿಭಾಗ ತರಿಸುವ ಮುಂಚೆ ಇದನ್ನು ಬರೆದಿಡಿ: ಯಾವ ಬಗೆಯ ಕೋಚು, ಯಾವ ವರ್ಷ, ಎಲ್ಲಿ ಓಡುತ್ತಿತ್ತು. ಮುಂದೆ ಬರುವ ಅನುಮಾನಗಳಲ್ಲಿ ಅರ್ಧಕ್ಕರ್ಧ ಇದೇ ಸಾಲಿನಿಂದ ಬಗೆಹರಿಯುತ್ತವೆ.

ವರ್ಷ ಯಾಕೆ ಅಷ್ಟು ಮುಖ್ಯ ಅಂದರೆ, ಐಸಿಎಫ್ ಕೋಚು ಹೊರಗಿನಿಂದ ಒಂದೇ ಥರ ಕಂಡರೂ ಅದರ ಮೈಮೇಲಿನ ವಿವರಗಳು ಬದಲಾಗುತ್ತಲೇ ಬಂದಿವೆ. ಪೆರಂಬೂರಿನ ಕಾರ್ಖಾನೆ ಶುರುವಾಗಿದ್ದು 1955ರಲ್ಲಿ, ಅಲ್ಲಿಂದ ಈ ವಿನ್ಯಾಸದ ಕೊನೆಯ ಕೋಚು ಹೊರಬಂದಿದ್ದು 2018ರ ಜನವರಿಯಲ್ಲಿ. 1990ರ ದಶಕದವರೆಗೆ ಸಾಮಾನ್ಯ ಗಾಡಿಗಳ ಕೋಚು ಕಂದುಗೆಂಪು, ಬ್ರೇಕು ವ್ಯಾಕ್ಯೂಮ್. ಏರ್ ಬ್ರೇಕಿನ ಕೋಚುಗಳು ಹೆಚ್ಚಾದಂತೆ ನೀಲಿ ಬಂತು: ತಿಳಿನೀಲಿ ಮೈ, ಕಿಟಕಿ ಸಾಲಿಗೆ ಕಡುನೀಲಿ ಪಟ್ಟಿ. 2018ರ ನಂತರ ಉತ್ಕೃಷ್ಟ ಯೋಜನೆಯಲ್ಲಿ ಅದೇ ಕೋಚುಗಳಿಗೆ ಮಾಸಲು ಹಳದಿ ಮತ್ತು ಕಂದು ಬಣ್ಣ ಬಳಿದರು. ಬಯೊ ಟಾಯ್ಲೆಟ್ ಟ್ಯಾಂಕುಗಳು ಬಂದಿದ್ದು 2010ರ ದಶಕದಲ್ಲಿ. ನಮ್ಮದು 2006ರ ಕೋಚು ಅಂತ ಬರೆದ ಕೂಡಲೇ ಬಣ್ಣ ನೀಲಿ, ಬ್ರೇಕು ಏರ್, ಕೆಳಗೆ ಟ್ಯಾಂಕು ಇಲ್ಲ ಅನ್ನುವ ಮೂರು ತೀರ್ಮಾನ ತಾವಾಗೇ ಆದವು.

ಊರೂ ಅಷ್ಟೇ ಮುಖ್ಯ. ಹುಬ್ಬಳ್ಳಿ–ಬೆಂಗಳೂರು ದಾರಿ 1990ರ ದಶಕದ ನಡುವಿನವರೆಗೂ ಮೀಟರ್ ಗೇಜ್. ಆದ್ದರಿಂದ 1985ರ ಅರಸೀಕೆರೆ ನಿಲ್ದಾಣ ಕಟ್ಟಿ ಅಲ್ಲಿ ಬ್ರಾಡ್ ಗೇಜ್ ಕೋಚು ನಿಲ್ಲಿಸಿದರೆ, ಕೋಚು ಎಷ್ಟೇ ಚೆನ್ನಾಗಿದ್ದರೂ ಆ ದೃಶ್ಯ ತಪ್ಪು. ನೈಋತ್ಯ ರೈಲ್ವೆ ಶುರುವಾಗಿದ್ದು 2003ರ ಏಪ್ರಿಲ್ 1ರಂದು. ಅದಕ್ಕೂ ಮುಂಚೆ ಹುಬ್ಬಳ್ಳಿ ವಿಭಾಗ ದಕ್ಷಿಣ ಮಧ್ಯ ರೈಲ್ವೆಯಲ್ಲಿತ್ತು, ಬೆಂಗಳೂರು ಮತ್ತು ಮೈಸೂರು ವಿಭಾಗಗಳು ದಕ್ಷಿಣ ರೈಲ್ವೆಯಲ್ಲಿದ್ದವು. 1999ರಲ್ಲಿ ಓಡುತ್ತಿದ್ದ ಕೋಚು ಮಾಡಿ ಅದರ ಮೇಲೆ ನೈಋತ್ಯ ರೈಲ್ವೆಯ ಅಕ್ಷರ ಬರೆಯುವ ತಪ್ಪು ನಾನು ತುಂಬ ಸಲ ನೋಡಿದ್ದೇನೆ. ನಾನೂ ಒಮ್ಮೆ ಮಾಡಿದ್ದೇನೆ, ಅಕ್ಷರ ಕೆರೆದು ತೆಗೆಯುವಾಗ ಕೆಳಗಿನ ಬಣ್ಣವೂ ಎದ್ದು ಬಂತು, ಒಂದು ಪಕ್ಕ ಪೂರ್ತಿ ಮತ್ತೆ ಬಳಿಯಬೇಕಾಯಿತು.

ಹಂತ 2: ಫೋಟೊ ಕೂಡಿಸುವುದು

ಒಂದು ಕೋಚಿಗೆ ಕನಿಷ್ಠ ಆರು ಫೋಟೊ ಬೇಕು. ಎರಡು ಪಕ್ಕಗಳು ನೇರವಾಗಿ, ಎರಡು ತುದಿಗಳು, ಮೇಲಿನ ಸೇತುವೆಯಿಂದ ತೆಗೆದ ಛಾವಣಿ, ಮತ್ತೆ ಬೋಗಿ ಹಾಗೂ ಹೊಟ್ಟೆಯ ಭಾಗ ಹತ್ತಿರದಿಂದ. ಎರಡೂ ಪಕ್ಕ ಬೇಕೇ ಬೇಕು. ಕೋಚಿನ ಎಡ ಬಲ ಒಂದೇ ಅಂದುಕೊಂಡು ಒಂದನ್ನೇ ಎರಡೂ ಕಡೆ ನಕಲು ಮಾಡಿದರೆ ಕೆಳಗಿನ ಪೆಟ್ಟಿಗೆಗಳ ಜಾಗ ಖಂಡಿತ ತಪ್ಪುತ್ತದೆ.

ಎತ್ತರದ ಪ್ಲಾಟ್‌ಫಾರ್ಮಿನಲ್ಲಿ ನಿಂತರೆ ಕೋಚಿನ ಕೆಳಭಾಗ ಕಾಣುವುದಿಲ್ಲ, ಕಟ್ಟೆ ಮುಚ್ಚಿಬಿಡುತ್ತೆ. ಎದುರಿನ ಪ್ಲಾಟ್‌ಫಾರ್ಮಿಗೆ ಹೋಗಿ, ನಡುವಿನ ಹಳಿ ಖಾಲಿ ಇರುವಾಗ ಅಲ್ಲಿಂದಲೇ ಜೂಮ್ ಮಾಡಿ ತೆಗೆಯಿರಿ. ಹಳಿಗೆ ಇಳಿಯಬೇಡಿ. ಅದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕಿಂತ ಹೆಚ್ಚಾಗಿ ಪ್ರಾಣದ ವಿಷಯ. ಸಿಬ್ಬಂದಿ ಬೇಡ ಅಂದರೆ ಅಲ್ಲಿಗೆ ನಿಲ್ಲಿಸಿಬಿಡಿ.

ಹಳೆ ವರ್ಷದ ಕೋಚು ಬೇಕಿದ್ದರೆ ಈಗಿನ ಫೋಟೊ ಅರ್ಧ ಮಾತ್ರ ಉಪಯೋಗ. ಮದುವೆ, ಪ್ರವಾಸ, ಯಾರನ್ನೋ ಕಳಿಸಿಕೊಡಲು ಸ್ಟೇಷನ್‌ಗೆ ಹೋದ ದಿನ ಅಂತ ಮನೆಯವರು ತೆಗೆಸಿಕೊಂಡ ಹಳೆ ಫೋಟೊಗಳನ್ನು ಹುಡುಕಿ. ಚಿಕ್ಕಮ್ಮನ ಹಿಂದೆ ಮುಕ್ಕಾಲು ಕಿಟಕಿ, ಒಂದು ಬಾಗಿಲು, ಗಾಡಿಯ ಬೋರ್ಡು ಕಾಣುತ್ತಿರುತ್ತೆ. ತಾರೀಖು ಗೊತ್ತಿರುವ ಫೋಟೊಗಿಂತ ದೊಡ್ಡ ಸಾಕ್ಷಿ ಇಲ್ಲ.

ಒಂದು ಎಚ್ಚರಿಕೆ. ಇನ್ನೊಬ್ಬರು ಮಾಡಿದ ಮಾದರಿಯ ಫೋಟೊ ನೋಡಿ ವಿವರ ಆರಿಸಬೇಡಿ. ಅವರ ತಪ್ಪು ನಿಮ್ಮ ಕೋಚಿಗೂ ಬರುತ್ತೆ.

ಹಂತ 3: ಅಳತೆ ತಾಳೆ ನೋಡುವುದು

ಕೈಗೆ ಬಂದ ಕಿಟ್ಟು ಅಥವಾ 3ಡಿ ಪ್ರಿಂಟ್ ಒಡಲನ್ನು ಮೊದಲು ಅಳೆಯಿರಿ. ಐಸಿಎಫ್ ಕೋಚಿನ ಒಡಲು 21,337 ಮಿ.ಮೀ. ಉದ್ದ, 3,245 ಮಿ.ಮೀ. ಅಗಲ, ಹಳಿಯ ಮೇಲಿನಿಂದ ಎತ್ತರ 4,025 ಮಿ.ಮೀ. 87ರಿಂದ ಭಾಗಿಸಿದರೆ ಉದ್ದ 245, ಅಗಲ 37.3, ಎತ್ತರ 46.3 ಮಿ.ಮೀ. ತುದಿಯಲ್ಲಿ ಹೊರಚಾಚಿ ಧಕ್ಕೆ ತಡೆಯುವ ಬಫರ್ ಸೇರಿಸಿದರೆ ಅಸಲಿ 22,297, ಅಂದರೆ ನಮ್ಮ ಮೇಜಿನ ಮೇಲೆ 256. ಎರಡು ಬೋಗಿಗಳ ನಡುಬಿಂದುಗಳ ದೂರ 14,783, ಅಂದರೆ 170. ಒಂದು ಬೋಗಿಯ ಎರಡು ಅಚ್ಚುಗಳ (ಆ್ಯಕ್ಸಲ್) ನಡುವೆ 2,896, ಅಂದರೆ 33.3. ಗಾಲಿಯ ವ್ಯಾಸ 915, ಅಂದರೆ 10.5.

ಒಡಲಿನ ಉದ್ದ 270ರ ಹತ್ತಿರ ಬಂದರೆ ನಿಮ್ಮ ಕೈಯಲ್ಲಿರುವುದು ಎಲ್‌ಎಚ್‌ಬಿ, ಅಂದರೆ ಐಸಿಎಫ್ ಆದ ಮೇಲೆ ಬಂದ ಬೇರೆ ವಿನ್ಯಾಸದ ಕೋಚು. ಅದರ ಅಸಲಿ ಉದ್ದ 23,540. ಮಾರುವವರು "ಇಂಡಿಯನ್ ಕೋಚ್" ಅಂತ ಮಾತ್ರ ಬರೆದಿದ್ದರೆ ಈ ಒಂದು ಅಳತೆ ಕೇಳಿ ತಿಳಿದುಕೊಂಡು ಆಮೇಲೆ ದುಡ್ಡು ಕೊಡಿ.

ಉದ್ದದಲ್ಲಿ ಒಂದೆರಡು ಮಿ.ಮೀ. ಹೆಚ್ಚು ಕಡಿಮೆ ಕಣ್ಣಿಗೆ ಬೀಳುವುದಿಲ್ಲ. ಎತ್ತರದಲ್ಲಿ ಒಂದು ಮಿ.ಮೀ. ಏರಿದರೂ ಸಾಲಿನಲ್ಲಿ ನಿಲ್ಲಿಸಿದಾಗ ತಕ್ಷಣ ಗೊತ್ತಾಗುತ್ತೆ. ಹಾಗಾಗಿ ಬೋಗಿ ಕೂರಿಸಿ, ಹಳಿಯ ಮೇಲೆ ಇಟ್ಟು, ಆಮೇಲೆ ಎತ್ತರ ಅಳೆಯಿರಿ.

ಇನ್ನು ಗೇಜಿನ ವಿಷಯ. ಗೇಜ್ ಅಂದರೆ ಎರಡು ಹಳಿಗಳ ನಡುವಿನ ಅಂತರ, ಎಚ್‌ಒದಲ್ಲಿ ಅದು 16.5 ಮಿ.ಮೀ. ನಮ್ಮ ಬ್ರಾಡ್ ಗೇಜ್ 1,676 ಮಿ.ಮೀ., 1:87ರಲ್ಲಿ ಅದು 19.3 ಆಗಬೇಕು. ಅಂದರೆ ಮಾರುಕಟ್ಟೆಯ ಹಳಿ ನಮಗೆ 2.8 ಮಿ.ಮೀ. ಕಿರಿದು. ಇದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು. ಗಾಲಿಗಳನ್ನು ಹೊರಕ್ಕೆ ಎಳೆದು ಸರಿ ಮಾಡಲು ಹೋದರೆ ಹಳಿ ಕವಲೊಡೆಯುವ ಮೊದಲ ಪಾಯಿಂಟ್ಸ್‌ನಲ್ಲೇ ಕೋಚು ಹಳಿ ತಪ್ಪುತ್ತೆ. ಬೋಗಿ ಚೌಕಟ್ಟಿನ ಅಗಲ ಅಸಲಿಯಂತೆ ಇಡಿ, ಗಾಲಿಗಳು ಒಳಗೆ ಇರಲಿ, ನಡುವಿನ ಸಂದಿಗೆ ಕಪ್ಪು ಬಳಿಯಿರಿ. ಪಕ್ಕದಿಂದ ನೋಡುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಹಂತ 4: ಮೂರು ಪಟ್ಟಿ

ಈಗ ಫೋಟೊಗಳನ್ನು ಎದುರಿಗಿಟ್ಟುಕೊಂಡು ಕಾಣುವ ವಿವರಗಳನ್ನೆಲ್ಲ ಬರೆಯಿರಿ. ಆಮೇಲೆ ಒಂದೊಂದಕ್ಕೂ ಈ ಪ್ರಶ್ನೆ ಕೇಳಿ: ಮೇಜಿನಿಂದ ಎರಡು ಅಡಿ ದೂರ ನಿಂತರೆ ಇದು ಕಾಣುತ್ತಾ? ಕಂಡರೆ ಮೊದಲ ಪಟ್ಟಿಗೆ. ಬಗ್ಗಿ ನೋಡಿದರೆ ಮಾತ್ರ ಕಂಡರೆ ಎರಡನೆಯದಕ್ಕೆ. ಕೋಚನ್ನು ಕೈಯಲ್ಲಿ ತಿರುಗಿಸಿ ಹಿಡಿದರೆ ಮಾತ್ರ ಕಾಣುವಂಥದ್ದು ಮೂರನೆಯದಕ್ಕೆ.

ಸ್ಲೀಪರ್ ಕೋಚಿನ ಮೊದಲ ಪಟ್ಟಿಯಲ್ಲಿ ನನ್ನ ಪ್ರಕಾರ ಇರಬೇಕಾದವು: ಕಿಟಕಿ ಸರಳು, ಬಾಗಿಲ ಪಕ್ಕದ ಹಿಡಿಕೆ, ಬಾಗಿಲ ಕೆಳಗಿನ ಮೆಟ್ಟಿಲು, ಬೋಗಿಯ ಸ್ಪ್ರಿಂಗು, ಬ್ಯಾಟರಿ ಪೆಟ್ಟಿಗೆ, ಬಫರು, ವೆಸ್ಟಿಬ್ಯೂಲು (ಪಕ್ಕದ ಕೋಚಿಗೆ ದಾಟುವ ದಾರಿ), ಗಾಡಿ ಬೋರ್ಡು. ಎರಡನೆಯದರಲ್ಲಿ ಬ್ರೇಕ್ ಪೈಪು, ಆಲ್ಟರ್ನೇಟರು, ಕೋಚ್ ನಂಬರು, ರಿಪೇರಿ ತಾರೀಖಿನ ಬರಹ. ಬ್ರೇಕಿನ ಒಳ ಸಲಾಕೆಗಳು, ನೆಲದ ಕೆಳಗಿನ ವೈರಿಂಗ್ ಕೊಳವೆಗಳೆಲ್ಲ ಮೂರನೆಯದು. ಇವನ್ನು ಬಿಟ್ಟುಬಿಡಿ. ಹನ್ನೆರಡು ಕೋಚಿನ ಗಾಡಿ ಕಟ್ಟಬೇಕು ಅಂದುಕೊಂಡವರು ಮೊದಲ ಕೋಚಿನ ಹೊಟ್ಟೆಯಡಿಯ ಪೈಪುಗಳಲ್ಲೇ ಆರು ತಿಂಗಳು ಕಳೆದು, ಎರಡನೇ ಕೋಚಿಗೆ ಕೈಯನ್ನೇ ಹಾಕದೆ ಇರುವುದನ್ನು ನೋಡಿದರೆ ಬೇಜಾರಾಗುತ್ತೆ.

ಹಂತ 5: ಒಡಲು ಮತ್ತು ಕಿಟಕಿ

ಕಿಟಕಿ ಎಣಿಸಿ. ಐಸಿಎಫ್ ಸ್ಲೀಪರಿನಲ್ಲಿ 72 ಬರ್ತು, ಒಂದು ಅಂಕಣಕ್ಕೆ 8, ಒಟ್ಟು 9 ಅಂಕಣ. ಕಿಟ್ಟಿನ ಕಿಟಕಿ ಸಾಲು ಈ ಒಂಬತ್ತಕ್ಕೆ ಹೊಂದದಿದ್ದರೆ ಅದು ಬೇರೆ ಬಗೆಯ ಕೋಚಿನ ಒಡಲು. ಎಲ್‌ಎಚ್‌ಬಿ ಸ್ಲೀಪರಿನಲ್ಲಿ 80 ಬರ್ತು, ಅಂದರೆ 10 ಅಂಕಣ. ಕೆಲವು ಜನರಲ್ ಕೋಚುಗಳಿಗೆ ನಡುವೆಯೂ ಒಂದು ಬಾಗಿಲಿರುತ್ತೆ. ಸ್ಲೀಪರಿಗೆ ತುದಿಗಳಲ್ಲಿ ಮಾತ್ರ.

ಸರಳಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಅಸಲಿ ಸರಳು 12 ಮಿ.ಮೀ. ದಪ್ಪ ಅಂತಿಟ್ಟುಕೊಂಡರೂ ನಮ್ಮ ಸ್ಕೇಲಿನಲ್ಲಿ ಅದು 0.14 ಮಿ.ಮೀ. ಮಾತ್ರ. ಕೈಗೆ ಸಿಕ್ಕಿತು ಅಂತ 0.5 ಮಿ.ಮೀ. ತಂತಿ ಹಾಕಿದರೆ ಅಸಲಿ ಲೆಕ್ಕದಲ್ಲಿ 43.5 ಮಿ.ಮೀ. ದಪ್ಪ, ಜೈಲಿನ ಕಂಬಿಗಿಂತ ದಪ್ಪ. ಫೋಟೊದಲ್ಲಿ "ಏನೋ ಸರಿ ಇಲ್ಲ" ಅನ್ನಿಸುವುದಕ್ಕೆ ಹೆಚ್ಚಿನ ಸಲ ಇದೇ ಕಾರಣ. ರಾಸಾಯನಿಕವಾಗಿ ಕೊರೆದ ತೆಳು ಹಿತ್ತಾಳೆ ಜಾಲರಿ ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಪಾರದರ್ಶಕ ಹಾಳೆಯ ಮೇಲೆ ಗೆರೆ ಪ್ರಿಂಟ್ ಮಾಡಿಸಿ ಒಳಗಿನಿಂದ ಅಂಟಿಸಿ. ಸರಳು ಎಷ್ಟು ಅನ್ನುವುದನ್ನು ಫೋಟೊದಿಂದಲೇ ಎಣಿಸಿ. ತುರ್ತು ಕಿಟಕಿಗೆ ಸರಳಿಲ್ಲ, ಅದರ ಸುತ್ತ ಕೆಂಪು ಇರುತ್ತೆ, ಅದನ್ನು ಎಲ್ಲೆಂದರಲ್ಲಿ ಹಾಕಬೇಡಿ.

ಸ್ಲೀಪರ್ ಕಿಟಕಿಗೆ ಎರಡು ಶಟರು: ಒಂದು ಗಾಜಿನದು, ಇನ್ನೊಂದು ಸೀಳು ಸೀಳಾದ ತಗಡಿನದು. ಮೇಲಕ್ಕೆತ್ತಿದರೆ ತೆರೆಯುತ್ತೆ, ಇಳಿಸಿದರೆ ಮುಚ್ಚುತ್ತೆ. ನಿಂತ ಗಾಡಿಯನ್ನು ಒಮ್ಮೆ ಗಮನಿಸಿ. ಒಂದು ಕಿಟಕಿ ಪೂರ್ತಿ ತೆರೆದಿದೆ, ಪಕ್ಕದ್ದರಲ್ಲಿ ತಗಡಿನ ಶಟರು ಅರ್ಧಕ್ಕೇ ಸಿಕ್ಕಿಕೊಂಡಿದೆ, ಅದರಾಚೆ ಗಾಜು ಮಾತ್ರ ಇಳಿದಿದೆ, ಗಾಜಿನ ಹಿಂದೆ ಯಾರದೋ ಟವೆಲು. ನಿಮ್ಮ ಕೋಚಿನ ಕಿಟಕಿಗಳೂ ಹೀಗೆ ಬೇರೆ ಬೇರೆಯಾಗಿರಲಿ. ಅರ್ಧ ಗಂಟೆಯ ಕೆಲಸ, ಆದರೆ ಇಡೀ ಕೋಚಿಗೆ ಜೀವ ಬರುತ್ತೆ.

ಕಿಟಕಿ ತೆರೆದಿರುವ ಕೋಚಾದ್ದರಿಂದ ಒಳಗಿನ ಬರ್ತುಗಳನ್ನೂ ಮಾಡಲೇಬೇಕು, ಆರು ಬರ್ತಿನ ಕಡೆ ಮತ್ತು ಪಕ್ಕದ ಎರಡು ಬರ್ತಿನ ಕಡೆ ಬೇರೆ ಬೇರೆಯಾಗಿ. ಎಸಿ ಕೋಚಾದರೆ ಗಾಜು ಕಪ್ಪಗಿರುತ್ತೆ, ಒಳಗೆ ಲೈಟ್ ಹಾಕದಿದ್ದರೆ ಏನೂ ಕಾಣಲ್ಲ, ಆ ಶ್ರಮ ಉಳಿಸಿಕೊಳ್ಳಿ.

3ಡಿ ಪ್ರಿಂಟ್ ಒಡಲಾದರೆ ಛಾವಣಿಯ ಬಾಗಿನಲ್ಲಿ ಪದರದ ಗೆರೆಗಳು ಇದ್ದೇ ಇರುತ್ತವೆ. ಹಿಡಿಕೆ ಕೂರಿಸುವ ಮುಂಚೆ ಉಜ್ಜಿ. ಕೂರಿಸಿದ ಮೇಲೆ ಉಜ್ಜಲು ಜಾಗ ಇರುವುದಿಲ್ಲ.

ಹಂತ 6: ಬೋಗಿ ಮತ್ತು ಕೆಳಭಾಗ

ಐಸಿಎಫ್ ಬೋಗಿಯನ್ನು ಎಲ್‌ಎಚ್‌ಬಿಯ ಫಿಯಟ್ ಬೋಗಿಯಿಂದ ಬೇರೆ ಮಾಡಿ ಗುರುತಿಸಲು ಕಲಿಯಿರಿ. ಐಸಿಎಫ್‌ನಲ್ಲಿ ಪ್ರತಿ ಆ್ಯಕ್ಸಲ್ ಬಾಕ್ಸಿನ ಎರಡೂ ಕಡೆ ಸುರುಳಿ ಸ್ಪ್ರಿಂಗು ನಿಂತಿರುತ್ತೆ, ಬೋಗಿಯ ನಡುವೆ ಇನ್ನೂ ದಪ್ಪ ಸ್ಪ್ರಿಂಗುಗಳ ಗುಂಪು, ಗಾಲಿಯ ಓಟದ ಮುಖಕ್ಕೇ ಒತ್ತುವ ಬ್ರೇಕ್ ಬ್ಲಾಕು. ಫಿಯಟ್ ಬೋಗಿಯಲ್ಲಿ ಡಿಸ್ಕ್ ಬ್ರೇಕು, ಬ್ಲಾಕು ಕಾಣುವುದಿಲ್ಲ, ಅಚ್ಚುಗಳ ದೂರವೂ ಕಡಿಮೆ: 2,560, ಅಂದರೆ 29.4 ಮಿ.ಮೀ. ಕ್ಯಾಲಿಪರ್ ಇಟ್ಟರೆ ಒಂದೇ ಕ್ಷಣದಲ್ಲಿ ತಿಳಿಯುತ್ತೆ.

ಇಲ್ಲಿ ಒಂದು ಬಲೆ ಇದೆ. ಎಲ್‌ಎಚ್‌ಬಿಯ ಒಡಲಿಗೆ ಐಸಿಎಫ್ ಬೋಗಿ ಹಾಕಿದ ಹೈಬ್ರಿಡ್ ಕೋಚುಗಳೂ ನಿಜಕ್ಕೂ ಇದ್ದವು. ಅಂಥ ಫೋಟೊ ಒಂದನ್ನು ನೋಡಿ "ಯಾವುದಕ್ಕೆ ಯಾವುದನ್ನು ಹಾಕಿದರೂ ನಡೆಯುತ್ತೆ" ಅಂದುಕೊಳ್ಳಬೇಡಿ. ಹೈಬ್ರಿಡ್ ಮಾಡಬೇಕಿದ್ದರೆ ಅದನ್ನೇ ಮೊದಲ ಹಂತದಲ್ಲಿ ಆರಿಸಿಕೊಳ್ಳಿ.

ಕೆಳಭಾಗದಲ್ಲಿ ನಮ್ಮ 2006ರ ಸ್ಲೀಪರಿಗೆ ಬೇಕಾದ್ದು ಮುಖ್ಯವಾಗಿ ಎರಡು. ಒಂದು, ಲೈಟು ಫ್ಯಾನಿಗೆ ಕರೆಂಟು ಮಾಡುವ ಆಲ್ಟರ್ನೇಟರು. ಅದು ಅಚ್ಚಿನಿಂದ ಬೆಲ್ಟಿನಲ್ಲಿ ತಿರುಗುತ್ತೆ, ಒಂದು ಬೋಗಿಗೆ ಮಾತ್ರ ಇರುತ್ತೆ. ಅಂದರೆ ನಿಮ್ಮ ಎರಡು ಬೋಗಿಗಳು ಒಂದೇ ಥರ ಕಾಣಬಾರದು. ತಾನೇ ಕರೆಂಟು ಮಾಡಿಕೊಳ್ಳುವ ಎಸಿ ಕೋಚಾದರೆ ದೊಡ್ಡವು ಎರಡು. ಇನ್ನೊಂದು, ನಡುಭಾಗದ ಬ್ಯಾಟರಿ ಪೆಟ್ಟಿಗೆ. ಬ್ರೇಕ್ ಸಿಲಿಂಡರು ಕೆಲವು ಕೋಚಿನಲ್ಲಿ ಒಡಲಿನ ಕೆಳಗೆ, ಕೆಲವದರಲ್ಲಿ ಬೋಗಿಯ ಮೇಲೇ ಇರುತ್ತೆ. ಇದನ್ನು ಊಹಿಸಬೇಡಿ, ನಿಮ್ಮ ಫೋಟೊ ಏನು ಹೇಳುತ್ತೋ ಅದನ್ನೇ ಮಾಡಿ.

ಟಾಯ್ಲೆಟ್ ಕೆಳಗೆ 2006ರಲ್ಲಿ ಬರೀ ಕೊಳವೆ. ಸ್ಟೀಲಿನ ಟ್ಯಾಂಕು ಕಿಟ್ಟಿನ ಜೊತೆ ಬಂದಿದ್ದರೆ ಎತ್ತಿಡಿ, ಉತ್ಕೃಷ್ಟ ಬಣ್ಣದ ಕೋಚಿಗೆ ಬೇಕಾಗುತ್ತೆ.

ಹಂತ 7: ತುದಿಗಳು, ಮತ್ತೆ ತಿರುವಿನ ಪರೀಕ್ಷೆ

ತುದಿಯ ವಿವರ ಆರಿಸುವ ಮುಂಚೆ ನಿಮ್ಮ ಲೇಔಟಿನ, ಅಂದರೆ ಮಾದರಿ ಓಡಿಸುವ ಹಳಿ ಜೋಡಣೆಯ, ತಿರುವು ಅಳೆಯಿರಿ. ಕ್ರಮ ತಪ್ಪುವುದು ಹೆಚ್ಚಾಗಿ ಇಲ್ಲೇ. 450 ಮಿ.ಮೀ. ತ್ರಿಜ್ಯದ ತಿರುವಿನಲ್ಲಿ ನಮ್ಮ ಕೋಚಿನ ನಡುಭಾಗ ಹಳಿಯ ನಡುಗೆರೆಯಿಂದ 8 ಮಿ.ಮೀ. ಒಳಗೆ ಸರಿಯುತ್ತೆ, ತುದಿಗಳು 8ರಿಂದ 9 ಮಿ.ಮೀ. ಹೊರಗೆ ಹೋಗುತ್ತವೆ. ಅಷ್ಟು ಸರಿದಾಗ ಅಸಲಿ ದೂರದಲ್ಲಿ ಕೂರಿಸಿದ ಬಫರುಗಳು ಒಂದಕ್ಕೊಂದು ಸಿಕ್ಕಿಕೊಂಡು ಕೋಚನ್ನು ಎತ್ತಿಬಿಡುತ್ತವೆ, ಅದರಲ್ಲೂ ಎಡಕ್ಕೆ ತಿರುಗಿ ಕೂಡಲೇ ಬಲಕ್ಕೆ ತಿರುಗುವ ಜಾಗದಲ್ಲಿ. 700ರ ತಿರುವಿನಲ್ಲಿ ಈ ಸರಿತ 5ರಿಂದ 6ಕ್ಕೆ ಇಳಿಯುತ್ತೆ, ಬದುಕಬಹುದು.

ಹಾಗಾಗಿ ಗಾಡಿಯ ನಡುವೆ ಓಡುವ ಕೋಚಿಗೆ ತಿರುವಿನಲ್ಲಿ ತಾನೇ ಉದ್ದವಾಗುವ ಕಪ್ಲಿಂಗ್ ಹಾಕಿ. ಅಸಲಿಯಂಥ ಸ್ಕ್ರೂ ಕಪ್ಲಿಂಗು, ಪೈಪುಗಳೆಲ್ಲ ಗಾಡಿಯ ಕೊನೆಯ ಕೋಚಿನ ಹಿಂಬದಿಗೆ ಇರಲಿ. ಜನ ನೋಡುವುದೂ ಅದನ್ನೇ ಅಲ್ವಾ. ಹಿಂಬದಿ ಗೋಡೆಗೆ ಹಳದಿ ಗುಣಿಸು ಗುರುತು ಬೇಕಾ, ಕೊನೆಯ ಕೋಚಿನ ಬೋರ್ಡು ಬೇಕಾ ಅನ್ನುವುದೂ ಆಗಲೇ ಗೊತ್ತಾಗುತ್ತೆ.

ಏರ್ ಬ್ರೇಕ್ ಕೋಚಿನ ತುದಿಯಲ್ಲಿ ಎರಡು ತೆಳು ಪೈಪು: ಬ್ರೇಕ್ ಪೈಪು ಮತ್ತು ಫೀಡ್ ಪೈಪು. ಬ್ರೇಕ್ ಪೈಪಿನ ಕಾಕ್‌ಗೆ (ತೆರೆದು ಮುಚ್ಚುವ ನಲ್ಲಿ) ಹಸಿರು, ಫೀಡ್ ಪೈಪಿನದಕ್ಕೆ ಬಿಳಿ ಬಣ್ಣ. ವ್ಯಾಕ್ಯೂಮ್ ಕೋಚಿನದು ದಪ್ಪ, ಉಂಗುರ ಉಂಗುರವಾದ ಪೈಪು. ಸ್ಲೀಪರಿಗೆ ವೆಸ್ಟಿಬ್ಯೂಲು ಇದೆ, ಮಡಿಕೆ ಮಡಿಕೆಯಾಗಿ. ಕೋಚಿನ ಬಗೆ ಹೇಳುವ ಇಂಗ್ಲಿಷ್ ಅಕ್ಷರಗಳ ಕೋಡಿನಲ್ಲಿ ಮೊದಲು ಬರುವ ಡಬ್ಲ್ಯೂ ಅಕ್ಷರ ಅದನ್ನೇ ಹೇಳುವುದು. ಹಳೆಯ ಜನರಲ್ ಕೋಚಿನ ಕೋಡು ಬರೀ ಜಿಎಸ್, ಡಬ್ಲ್ಯೂ ಇಲ್ಲ, ದಾಟುವ ದಾರಿಯೂ ಇಲ್ಲ.

ಬಣ್ಣಕ್ಕೆ ಹೋಗುವ ಮುಂಚೆ ತೂಕ ಹಾಕಿ ಓಡಿಸಿ ನೋಡಿ. ಅಮೆರಿಕದ ಮಾದರಿ ರೈಲಿನವರ ಸಂಘ ಎನ್‌ಎಂಆರ್‌ಎ ಹೇಳುವ ಲೆಕ್ಕ: ಒಂದು ಔನ್ಸು, ಅದರ ಮೇಲೆ ಕೋಚಿನ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸು. ನಮ್ಮ ಕೋಚಿಗೆ ಅದು ಸುಮಾರು 165 ಗ್ರಾಂ. ತೂಕವನ್ನು ನೆಲಕ್ಕೆ ಹತ್ತಿರ, ಎರಡು ಬೋಗಿಗಳ ನಡುವೆ ಸಮನಾಗಿ ಇಡಿ. ತಿರುವಿನಲ್ಲಿ ಮೆಟ್ಟಿಲಿಗೆ ಗಾಲಿ ತಾಗಿದರೆ ಈಗಲೇ ಮೆಟ್ಟಿಲ ಹಿಂಭಾಗ ಉಜ್ಜಿ ತೆಳು ಮಾಡಿ.

ಹಂತ 8: ಬಣ್ಣ

ತಿಳಿನೀಲಿ ಮೊದಲು, ಕಡುನೀಲಿ ಪಟ್ಟಿ ಆಮೇಲೆ, ಛಾವಣಿ ಕೊನೆಗೆ. ಡಬ್ಬಿಯ ನೀಲಿಯನ್ನು ಹಾಗೇ ಬಳಿದರೆ ಸಣ್ಣ ಮಾದರಿಯ ಮೇಲೆ ತೀರಾ ಗಾಢವಾಗಿ ಕಾಣುತ್ತೆ. ಸ್ವಲ್ಪ ಬಿಳಿ ಬೆರೆಸಿ, ಒಂದು ಚೂರು ಪ್ಲಾಸ್ಟಿಕ್ಕಿನ ಮೇಲೆ ಬಳಿದು, ಒಣಗಿಸಿ, ನೀವು ಕೋಚು ಇಡುವ ಕೋಣೆಯ ಬೆಳಕಿನಲ್ಲೇ ಫೋಟೊದ ಪಕ್ಕ ಹಿಡಿದು ನೋಡಿ. ಮೊಬೈಲ್ ಪರದೆಯ ನೀಲಿಯನ್ನು ಪೂರ್ತಿ ನಂಬಬೇಡಿ. ನಾಲ್ಕು ಫೋಟೊ ನೋಡಿದರೆ ನಾಲ್ಕು ನೀಲಿ ಕಾಣುತ್ತೆ. ಬಿಸಿಲಿಗೆ ಮಾಸಿದ ಕೋಚು, ವರ್ಕ್‌ಶಾಪಿನಿಂದ ಈಗಷ್ಟೇ ಬಂದ ಕೋಚು ಪಕ್ಕಪಕ್ಕದಲ್ಲೇ ಓಡುತ್ತಿದ್ದವು, ಆದ್ದರಿಂದ ಗಾಡಿಯ ಎಲ್ಲ ಕೋಚಿಗೂ ಒಂದೇ ನೀಲಿ ಬೇಕಿಲ್ಲ.

ಪಟ್ಟಿಯ ಅಂಚು ಕಿಟಕಿಯ ಮೇಲೆ ಕೆಳಗೆ ಎಷ್ಟು ದೂರದಲ್ಲಿದೆ ಅಂತ ಫೋಟೊದಲ್ಲಿ ಅಳೆದು ಆಮೇಲೆ ಟೇಪು ಹಾಕಿ. ಅಂದಾಜಿಗೆ ಹಾಕಿದರೆ ಎರಡು ಕೋಚು ಪಕ್ಕದಲ್ಲಿ ನಿಂತಾಗ ಪಟ್ಟಿ ಮೇಲೆ ಕೆಳಗೆ ಆಗಿರುತ್ತೆ.

ಹಂತ 9: ನಂಬರು ಮತ್ತು ಬೋರ್ಡು

ಐದಂಕಿಯ ನಂಬರಿನಲ್ಲಿ ಮೊದಲ ಎರಡು ಅಂಕಿ ತಯಾರಾದ ವರ್ಷ, ಉಳಿದ ಮೂರು ಕೋಚಿನ ಬಗೆ. ಸ್ಲೀಪರಿಗೆ 201ರಿಂದ 400ರವರೆಗೆ, ಜನರಲ್ ಕೋಚಿಗೆ 401ರಿಂದ 600, ಎಸಿ ತ್ರೀ ಟಯರಿಗೆ 101ರಿಂದ 150. 2006ರ ಗಾಡಿಗೆ 04ರಿಂದಲೋ 99ರಿಂದಲೋ ಶುರುವಾಗುವ ನಂಬರು ಸರಿ, 09 ತಪ್ಪು. ಸ್ಲೀಪರ್ ಕೋಚಿಗೆ 450 ಅಂತ ಮುಗಿಯುವ ನಂಬರು ಹಾಕಿದರೆ, ಗೊತ್ತಿರುವವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತೆ.

ಬಿಳಿ ಅಕ್ಷರವನ್ನು ಮನೆಯ ಪ್ರಿಂಟರ್ ಮುದ್ರಿಸುವುದಿಲ್ಲ. ಬಿಳಿ ಶಾಯಿ ಇರುವವರ ಹತ್ತಿರ ಡೆಕಾಲ್ (ಮೈಗೆ ಅಂಟಿಸುವ ತೆಳು ಪೊರೆಯ ಅಕ್ಷರ) ಮಾಡಿಸಿ. ಗಾಡಿ ಬೋರ್ಡಿಗೆ ಮಾತ್ರ ತನ್ನದೇ ಹಿನ್ನೆಲೆ ಬಣ್ಣ ಇರುವುದರಿಂದ ತೆಳು ಕಾಗದದ ಮೇಲೆ ಮನೆಯಲ್ಲೇ ಮುದ್ರಿಸಿಕೊಳ್ಳಬಹುದು.

ಆ ಬೋರ್ಡಿನ ಅಕ್ಷರ ಒಂದೂವರೆ ಮಿ.ಮೀ. ಎತ್ತರಕ್ಕೆ ಇಳಿದಾಗ ಕನ್ನಡಕ್ಕೇ ವಿಶೇಷವಾದ ಒಂದು ಕಷ್ಟ ಬರುತ್ತೆ. "ಹುಬ್ಬಳ್ಳಿ"ಯ ಎರಡು ಒತ್ತಕ್ಷರಗಳೂ ಶಾಯಿ ತುಂಬಿ ಎರಡು ಕಪ್ಪು ಚುಕ್ಕೆಯಾಗುತ್ತವೆ. ದಪ್ಪ ಅಕ್ಷರದ ಫಾಂಟ್ ಬಿಟ್ಟು ತೆಳು ಗೆರೆಯದು ಆರಿಸಿ, ಒತ್ತಿಗೂ ಅಕ್ಷರಕ್ಕೂ ನಡುವೆ ಚೂರು ಜಾಸ್ತಿ ಜಾಗ ಬಿಡಿ, ಲೇಸರ್ ಪ್ರಿಂಟರಿನಲ್ಲಿ ತೆಗೆಯಿರಿ. ನಾಲ್ಕೈದು ಸಲ ಪ್ರಯತ್ನಿಸಿದರೆ ಓದಲು ಬರುವಂಥದ್ದು ಸಿಗುತ್ತೆ. ನನಗೆ ಇಡೀ ಕೋಚಿನಲ್ಲಿ ತುಂಬ ಇಷ್ಟವಾಗುವ ವಿವರ ಇದೇ.

ಇಂಗ್ಲಿಷ್ ಸಾಲಿನಲ್ಲೂ ವರ್ಷ ನೋಡಿಕೊಳ್ಳಿ. ಕನ್ನಡದಲ್ಲಿ ಯಾವಾಗಲೂ ಬೆಂಗಳೂರು, ಹುಬ್ಬಳ್ಳಿಯೇ. ಆದರೆ ಹೆಸರುಗಳು ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ರಂದು. 2006ರ ಬೋರ್ಡಿನ ಇಂಗ್ಲಿಷಿನಲ್ಲಿ ಬ್ಯಾಂಗಲೋರ್, ಹುಬ್ಲಿ ಅಂತಲೇ ಇರಬೇಕು.

ಡೆಕಾಲ್ ಹಚ್ಚುವ ಮುಂಚೆ ಹೊಳಪಿನ ವಾರ್ನಿಶ್, ಹಚ್ಚಿ ಒಣಗಿದ ಮೇಲೆ ಹೊಳಪಿಲ್ಲದ್ದು. ಮೊದಲನೆಯದನ್ನು ಬಿಟ್ಟರೆ ಅಕ್ಷರದ ಸುತ್ತ ಬೆಳ್ಳಗೆ ಗಾಳಿಯ ಪೊರೆ ನಿಲ್ಲುತ್ತೆ. ಮಣ್ಣು, ಕೊಳೆ ಎಲ್ಲ ಇದಾದ ಮೇಲೆ: ಬೋಗಿಗೆ ಕಂದು ಧೂಳು, ಬಾಗಿಲ ಕೆಳಗೆ ಮತ್ತು ಟಾಯ್ಲೆಟ್ ಮೂಲೆಗಳಲ್ಲಿ ಸ್ವಲ್ಪ ತುಕ್ಕು, ಕಿಟಕಿಗಳ ಕೆಳಗೆ ನೀರಿಳಿದ ತೆಳು ಗೆರೆ.

ಕೆಲಸ ನಿಲ್ಲಿಸಿ ನೋಡಬೇಕಾದ ಲಕ್ಷಣಗಳು

ಒಂದು ಭಾಗ ಯಾಕೆ ಅಂಟಿಸುತ್ತಿದ್ದೀರಿ ಅಂದರೆ "ಕಿಟ್ಟಿನಲ್ಲಿತ್ತು" ಅನ್ನುವುದು ಬಿಟ್ಟು ಬೇರೆ ಉತ್ತರ ಇಲ್ಲದಿದ್ದರೆ ನಿಲ್ಲಿಸಿ. ನೋಟ್‌ಬುಕ್ಕಿನಲ್ಲಿ ಎರಡು ವಿವರಗಳ ಪಕ್ಕದ ವರ್ಷಗಳ ನಡುವೆ ಐದು ವರ್ಷಕ್ಕಿಂತ ಜಾಸ್ತಿ ಅಂತರ ಇದ್ದರೆ, ಎರಡೂ ಒಟ್ಟಿಗಿರುವ ಒಂದು ಫೋಟೊ ಸಿಗುವವರೆಗೆ ಕಾಯಿರಿ. ಕೋಚನ್ನು ಹಳಿಯ ಮೇಲಿಟ್ಟಾಗ ಒಂದು ಗಾಲಿ ತಿರುಗದೆ ಜಾರುತ್ತಿದ್ದರೆ ಬೋಗಿಗೆ ಏನೋ ತಾಗುತ್ತಿದೆ, ಬಣ್ಣ ಹಚ್ಚಬೇಡಿ. ಎರಡು ಬೋಗಿಗಳು ಒಂದೇ ಥರ ಕಂಡರೆ ಆಲ್ಟರ್ನೇಟರು ಮರೆತಿದ್ದೀರಿ. ಕೋಚಿನ ಫೋಟೊ ತೆಗೆದು ಕಪ್ಪು ಬಿಳುಪು ಮಾಡಿ ಅಸಲಿ ಫೋಟೊದ ಪಕ್ಕ ಇಟ್ಟಾಗ ಕಣ್ಣು ಮೊದಲು ಸರಳಿನ ಮೇಲೆ ನಿಂತರೆ ಸರಳು ದಪ್ಪವಾಯಿತು, ಬಿಚ್ಚಿ ಬೇರೆ ಹಾಕಿ.